ಎಣ್ಣೆ ಎಷ್ಟು ಅಯೋಡಿನ್ ಕುಡಿಯುತ್ತದೆ?

ಸಂತೆಯಲ್ಲಿ ಬೆಣ್ಣೆ ಕೊಳ್ಳುವವರು ಮೊದಲು ಮೂಸಿ ನೋಡುತ್ತಾರೆ. ತುಪ್ಪವಾದರೆ ಅಂಗೈಗೆ ಚೂರು ಹಚ್ಚಿ ಕರಗುವುದನ್ನು ಕಾಯುತ್ತಾರೆ. ಗಾಣದ ಎಣ್ಣೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಳ್ಳುತ್ತಾರೆ. ಇವೂ ಪರೀಕ್ಷೆಗಳೇ, ಪಳಗಿದ ಕೈಯಲ್ಲಿ ಒಳ್ಳೆಯ ಪರೀಕ್ಷೆಗಳೇ. ಆದರೆ ಮೂಗು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಇನ್ನೊಬ್ಬರಿಗೆ ತೋರಿಸಲು ಬರುವುದಿಲ್ಲ. ಕಲಬೆರಕೆ ಮಾಡಿದವನ ಎದುರು ನಿಂತು "ವಾಸನೆ ಸರಿಯಿಲ್ಲ" ಅಂದರೆ ಅವನು "ನಿಮಗೆ ನೆಗಡಿ ಆಗಿರಬೇಕು" ಅಂದಾನು. ಇನ್ನೊಂದು ಕಡೆ, ಮನೆಯಲ್ಲೇ ಕಡೆದು ಕಾಯಿಸಿದ ತುಪ್ಪ ತಂದ ಹೆಂಗಸಿಗೆ "ಇದು ಡಾಲ್ಡಾ ಬೆರೆಸಿದ್ದು" ಎಂದು ಯಾರಾದರೂ ಹೇಳಿಬಿಟ್ಟರೆ ಅವಳ ಬಳಿಯೂ ಆಣೆ ಪ್ರಮಾಣ ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಈ ಜಗಳಕ್ಕೆ ಒಂದು ಅಂಕಿಯನ್ನು ಸಾಕ್ಷಿಯಾಗಿ ತಂದು ನಿಲ್ಲಿಸಿದವರು ಯಾರು, ಹೇಗೆ ತಂದರು ಎನ್ನುವುದು ಈ ಲೇಖನದ ವಿಷಯ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಪರ್ಯಾಪ್ತ, ಅಪರ್ಯಾಪ್ತ ಎಂಬ ಎರಡು ಪದ ಬರುತ್ತವೆ. ಪರೀಕ್ಷೆ ಮುಗಿದ ಮೇಲೆ ಹೆಚ್ಚಿನವರು ಅವನ್ನು ಮರೆತುಬಿಡುತ್ತಾರೆ. ಆದರೆ ಅಡುಗೆಮನೆಯ ಪ್ರತಿಯೊಂದು ಎಣ್ಣೆ ಡಬ್ಬಿಯೂ ಆ ಎರಡು ಪದಗಳ ನಡುವೆ ಎಲ್ಲೋ ಒಂದು ಕಡೆ ನಿಂತಿರುತ್ತದೆ.

ಕಥೆ ಹಾಲೆಂಡಿನಲ್ಲಿ, 1795ರ ಸುಮಾರಿಗೆ ಶುರುವಾಗುತ್ತದೆ. ಆಮ್ಸ್ಟರ್‌ಡ್ಯಾಮಿನ ನಾಲ್ವರು ಗೆಳೆಯರು ಮದ್ಯಸಾರಕ್ಕೆ ಗಂಧಕಾಮ್ಲ ಸೇರಿಸಿ ಒಂದು ಅನಿಲ ತಯಾರಿಸಿದರು. ಇವತ್ತು ನಾವು ಅದನ್ನು ಎಥಿಲೀನ್ ಅನ್ನುತ್ತೇವೆ. ಬಾಳೆಕಾಯಿ ಹಣ್ಣಾಗುವಾಗ ತಾನೇ ಹೊರಬಿಡುವ ಅನಿಲವೂ ಇದೇ. ಅವರು ಇದನ್ನು ಕ್ಲೋರಿನ್ ಜೊತೆ ಬೆರೆಸಿದರು. ಹಸಿರು ಹಳದಿ ಬಣ್ಣದ ಕ್ಲೋರಿನ್ನೂ ಇಲ್ಲ, ಎಥಿಲೀನೂ ಇಲ್ಲ. ಎರಡೂ ಮಾಯವಾಗಿ ಪಾತ್ರೆಯ ತಳದಲ್ಲಿ ಎಣ್ಣೆಯಂಥ ಹನಿಗಳು ಉಳಿದವು. ಜನ ಅದನ್ನು ಡಚ್ಚರ ಎಣ್ಣೆ ಅಂದರು. ಎಣ್ಣೆ ಹುಟ್ಟಿಸುವ ಅನಿಲ ಎಂಬ ಅರ್ಥದಲ್ಲಿ ಹುಟ್ಟಿದ ಹೆಸರೇ ಮುಂದೆ ಓಲಿಫಿನ್ ಆಯಿತು. ಅಂದಹಾಗೆ, ಅದೇ ಡಚ್ಚರ ಎಣ್ಣೆ ಇವತ್ತು ಕಾರ್ಖಾನೆಗಳಲ್ಲಿ ಟನ್ನುಗಟ್ಟಲೆ ತಯಾರಾಗುತ್ತದೆ. ನಿಮ್ಮ ಬೋರ್‌ವೆಲ್ಲಿನಿಂದ ತೋಟಕ್ಕೆ ಎಳೆದಿರುವ ಪಿವಿಸಿ ಪೈಪು ಅದರಿಂದ ಬಂದದ್ದು.

ಬಣ್ಣ ಮಾಯವಾದದ್ದೇ ಇಲ್ಲಿ ಮುಖ್ಯ. ಯಾಕೆ ಮಾಯವಾಯಿತು ಎಂದು ಹೇಳಲು ಆ ನಾಲ್ವರಿಗೆ ಬರುತ್ತಿರಲಿಲ್ಲ. ಅದಕ್ಕೆ ಇನ್ನೂ ಅರವತ್ತೆಪ್ಪತ್ತು ವರ್ಷ ಬೇಕಾಯಿತು.

ಈ ನಡುವೆ ಕ್ಲೋರಿನ್ನಿನ ಇಬ್ಬರು ತಮ್ಮಂದಿರು ಸಿಕ್ಕರು. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಕಡಲಕಳೆಯ ಬೂದಿಯಿಂದ ಮದ್ದಿನುಪ್ಪು ಮಾಡುವ ಕಸುಬಿನಲ್ಲಿದ್ದ. ನೆಪೋಲಿಯನ್ನನ ಯುದ್ಧಗಳ ಕಾಲ, ಸಿಡಿಮದ್ದಿಗೆ ಎಲ್ಲಿಲ್ಲದ ಬೇಡಿಕೆ. ಒಂದು ದಿನ ಬೂದಿಯ ನೀರಿಗೆ ಗಂಧಕಾಮ್ಲ ಹೆಚ್ಚು ಬಿದ್ದು ನೇರಳೆ ಬಣ್ಣದ ಹೊಗೆ ಎದ್ದಿತು. ಅದು ಅಯೋಡಿನ್. ಮೂರು ವರ್ಷದ ನಂತರ, 1814ರಲ್ಲಿ, ಕೋಲಿನ್ ಮತ್ತು ಗೋತಿಯೇ ದ ಕ್ಲೋಬ್ರಿ ಎಂಬಿಬ್ಬರು ಅಯೋಡಿನ್ ಪಿಷ್ಟಕ್ಕೆ ತಾಗಿದರೆ ಕಡುನೀಲಿ ಬಣ್ಣ ಬರುತ್ತದೆ ಎಂದು ಕಂಡುಕೊಂಡರು. ಅನ್ನದ ಅಗುಳಿನ ಮೇಲೆ ಟಿಂಚರ್ ಅಯೋಡಿನ್ ಹಾಕಿ ಶಾಲೆಯಲ್ಲಿ ನೋಡಿದ್ದೀರಲ್ಲ, ಅದೇ. ಈ ನೀಲಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1826ರಲ್ಲಿ ಮೋಂಪೆಲಿಯೆ ಊರಿನ ಆಂಟ್ವಾನ್ ಬಲಾರ್ ಉಪ್ಪಿನ ಗದ್ದೆಯ ಉಳಿಕೆ ನೀರಿನಿಂದ ಬ್ರೋಮಿನ್ ತೆಗೆದ. ಆಗ ಅವನಿಗೆ 23 ವರ್ಷ. ಕೆಂಪು ಕಂದು ಬಣ್ಣ, ಮೂಗು ಒಡೆಯುವ ವಾಸನೆ. ಹೆಸರು ಬಂದದ್ದೂ ದುರ್ವಾಸನೆ ಎಂಬ ಅರ್ಥದ ಗ್ರೀಕ್ ಪದದಿಂದಲೇ. ಇದಕ್ಕೂ ಮೊದಲು ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್ ಬಳಿಗೆ ಉಪ್ಪುನೀರಿನ ಒಂದು ಮಾದರಿ ಬಂದಿತ್ತು. ಅವನು ಅದರಲ್ಲಿದ್ದುದನ್ನು ಅಯೋಡಿನ್ ಕ್ಲೋರೈಡ್ ಎಂದು ಚೀಟಿ ಅಂಟಿಸಿ ಇಟ್ಟುಬಿಟ್ಟಿದ್ದ. ಬಲಾರನ ಸುದ್ದಿ ಕೇಳಿದ ಮೇಲೆ ಆ ಸೀಸೆಯನ್ನು ತನ್ನ ತಪ್ಪುಗಳ ಬೀರುವಿಗೆ ಸೇರಿಸಿದ ಎಂದು ಹೇಳುತ್ತಾರೆ. ಅಂಥದ್ದೊಂದು ಬೀರು ಪ್ರತಿ ಕಚೇರಿಯಲ್ಲೂ ಇರಬೇಕಿತ್ತು.

ಬ್ರೋಮಿನ್ನನ್ನು ನೀರಿನಲ್ಲಿ ಕರಗಿಸಿದರೆ ಕಿತ್ತಳೆ ಕಂದು ಬಣ್ಣದ ದ್ರಾವಣ ಸಿಗುತ್ತದೆ. ಇದಕ್ಕೆ ಎಥಿಲೀನ್ ಊದಿದರೆ ಬಣ್ಣ ಹೋಗುತ್ತದೆ. ಕಡಲೆಕಾಯಿ ಎಣ್ಣೆ ಹಾಕಿ ಕುಲುಕಿದರೂ ಹೋಗುತ್ತದೆ. ಮೇಣದ ಬತ್ತಿಯ ಮೇಣ ಹಾಕಿದರೆ ಹೋಗುವುದಿಲ್ಲ. ಏಕೆ?

ಇಂಗಾಲದ ಪ್ರತಿ ಪರಮಾಣುವಿಗೂ ನಾಲ್ಕು ಕೈ ಅಂದುಕೊಳ್ಳಿ. ಇದನ್ನು 1858ರಲ್ಲಿ ಕೆಕುಲೆ ಮತ್ತು ಕೂಪರ್ ಬೇರೆ ಬೇರೆಯಾಗಿ ಹೇಳಿದರು. ಸಾಲಾಗಿ ನಿಂತ ಇಂಗಾಲಗಳು ಎಡಕ್ಕೊಂದು ಬಲಕ್ಕೊಂದು ಕೈ ಕೊಟ್ಟು, ಉಳಿದ ಎರಡು ಕೈಗಳಲ್ಲಿ ಒಂದೊಂದು ಹೈಡ್ರೋಜನ್ ಹಿಡಿದಿದ್ದರೆ ಎಲ್ಲ ಕೈಯೂ ಭರ್ತಿ. ಅದು ಪರ್ಯಾಪ್ತ. ಕೆಲವು ಕಡೆ ಹೈಡ್ರೋಜನ್ ಕಡಿಮೆ ಇದ್ದರೆ ಪಕ್ಕಪಕ್ಕದ ಇಬ್ಬರು ಇಂಗಾಲದವರು ಖಾಲಿ ಕೈಯನ್ನು ಸುಮ್ಮನೆ ಬಿಡುವುದಿಲ್ಲ, ಒಬ್ಬರನ್ನೊಬ್ಬರು ಎರಡೆರಡು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಇದು ದ್ವಿಬಂಧ, ಅಂದರೆ ಜೋಡಿ ಕೊಂಡಿ. ಜೋಡಿ ಕೊಂಡಿ ಇರುವುದೇ ಅಪರ್ಯಾಪ್ತ. ಬ್ರೋಮಿನ್ ಬಂದರೆ ಆ ಇಬ್ಬರೂ ಎರಡನೇ ಕೈ ಬಿಡಿಸಿಕೊಂಡು ಒಂದೊಂದು ಬ್ರೋಮಿನ್ ಹಿಡಿಯುತ್ತಾರೆ. ಬ್ರೋಮಿನ್ ಎಣ್ಣೆಯೊಳಗೆ ಸೇರಿಹೋಯಿತು, ಬಣ್ಣವೂ ಹೋಯಿತು.

ಪೊಟ್ಯಾಶ್ ಪರ್ಮಾಂಗನೇಟಿನಿಂದಲೂ ಇದನ್ನು ನೋಡಬಹುದು. ಹಿಂದೆ ಕುಡಿಯುವ ನೀರಿನ ಬಾವಿಗೆ ಹಾಕುತ್ತಿದ್ದ ನೇರಳೆ ಹರಳು ಅದು. ಅದರ ತೆಳು ದ್ರಾವಣ ಅಪರ್ಯಾಪ್ತ ವಸ್ತು ಸೇರಿದರೆ ನೇರಳೆ ಬಣ್ಣ ಕಳೆದುಕೊಂಡು ಕಂದು ಗಸಿಯಾಗುತ್ತದೆ. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಹೆಸರಿನಲ್ಲಿ ಈ ಪರೀಕ್ಷೆ ಪಠ್ಯಪುಸ್ತಕಕ್ಕೆ ಬಂದಿದೆ. ಆದರೆ ಪರ್ಮಾಂಗನೇಟ್ ಸ್ವಲ್ಪ ಆತುರದ ಪ್ರಾಣಿ, ಜೋಡಿ ಕೊಂಡಿ ಇಲ್ಲದ ಬೇರೆ ಕೆಲವು ವಸ್ತುಗಳ ಜೊತೆಗೂ ಜಗಳಕ್ಕೆ ಹೋಗುತ್ತದೆ. ಹಾಗಾಗಿ ಅದೊಂದರ ಮಾತು ನಂಬಿ ತೀರ್ಪು ಕೊಡುವಂತಿಲ್ಲ.

ಇಷ್ಟಾದರೂ ಸಂತೆಯ ಜಗಳ ಬಗೆಹರಿಯಲಿಲ್ಲ. ತುಪ್ಪದಲ್ಲೂ ಜೋಡಿ ಕೊಂಡಿ ಸ್ವಲ್ಪ ಇದೆ, ಕಡಲೆಕಾಯಿ ಎಣ್ಣೆಯಲ್ಲಿ ಜಾಸ್ತಿ ಇದೆ. ಎರಡೂ ಬ್ರೋಮಿನ್ ನೀರಿನ ಬಣ್ಣ ತೆಗೆಯುತ್ತವೆ. ಇದೆಯೋ ಇಲ್ಲವೋ ಎಂಬ ಉತ್ತರ ಸಾಲದು, ಎಷ್ಟಿದೆ ಎಂದು ಬೇಕು. ಎಷ್ಟು ಎನ್ನಬೇಕಾದರೆ ಸುರಿಯುವ ದ್ರಾವಣದಲ್ಲಿ ಏನು ಎಷ್ಟಿದೆ ಎಂದು ಮೊದಲೇ ಗೊತ್ತಿರಬೇಕು.

ಬೋರ್ಡೋ ಡ್ರಮ್ಮಿನಿಂದ ಬ್ಯೂರೆಟ್ಟಿಗೆ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ದ್ರಾವಣದ ಸಾರತೆಯ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶೇಕಡಾ 1ರದ್ದು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ನೀರು ಹೆಚ್ಚಾದರೆ ಔಷಧಿ ತೆಳ್ಳಗಾಗಿ ರೋಗ ನಿಲ್ಲುವುದಿಲ್ಲ. ಸುಣ್ಣ ಕಡಿಮೆಯಾದರೆ ಎಲೆ, ಕಾಯಿ ಸುಡುತ್ತವೆ. ಅದಕ್ಕೇ ಹೊಡೆಯುವ ಮೊದಲು ಒಂದು ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವುದು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು ಎಂದರ್ಥ. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಅಧ್ಯಯನ ಮಾಡಿ 1910ರ ಹೊತ್ತಿಗೆ ಅದರ ಬಗ್ಗೆ ಬರೆದವರು ಲೆಸ್ಲಿ ಕೋಲ್ಮನ್. ಬೋರ್ಡೋ ನಮ್ಮ ತೋಟಗಳಿಗೆ ಬಂದದ್ದು ಆ ಕಾಲದಲ್ಲಿ.

ಸುಣ್ಣವನ್ನು ಸ್ವಲ್ಪಸ್ವಲ್ಪ ಸೇರಿಸುತ್ತಾ, ಕತ್ತಿ ಅದ್ದುತ್ತಾ, "ಸಾಕು" ಎನ್ನುವ ಗಳಿಗೆಗೆ ಕಾಯುವುದಿದೆಯಲ್ಲ, ಪ್ರಯೋಗಾಲಯದವರು ಅದನ್ನೇ ಅನುಮಾಪನ ಅನ್ನುತ್ತಾರೆ. ಎಷ್ಟು ಸುರಿದೆವು ಎಂದು ಅಳೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಅಳೆಯುವ ಆ ಅಭ್ಯಾಸವೂ ಕಸುಬಿನವರ ಬಾಯಿಂದಲೇ ಬಂತು. 1790ರ ದಶಕದಲ್ಲಿ ಫ್ರಾನ್ಸಿನ ರೂಅಂ ಊರಿನ ಸುತ್ತ ಹತ್ತಿ ಬಟ್ಟೆಗೆ ಕ್ಲೋರಿನ್ ದ್ರಾವಣದಿಂದ ಬಿಳುಪು ಕೊಡುತ್ತಿದ್ದರು. ದ್ರಾವಣ ಗಟ್ಟಿಯಾದರೆ ಬಟ್ಟೆ ಹರಿಯುತ್ತದೆ, ತೆಳ್ಳಗಾದರೆ ಬಿಳುಪಾಗುವುದಿಲ್ಲ. ಅಲ್ಲಿಯ ಡೆಕ್ರ್ವಾಜಿಲ್ ಎಂಬಾತ ಗೀಟು ಕೊರೆದ ಗಾಜಿನ ಕೊಳವೆಯಲ್ಲಿ ನೀಲಿ ಬಣ್ಣದ ದ್ರಾವಣ ಇಟ್ಟುಕೊಂಡು, ಬಿಳುಪಿನ ನೀರು ಎಷ್ಟು ನೀಲಿಯನ್ನು ಅಳಿಸುತ್ತದೆ ಎಂದು ಅಳೆದ. ನೀಲಿ ಎಂದರೆ ನಮ್ಮ ಬಟ್ಟೆ ನೀಲಿ, ಇಂಡಿಗೊ.

ಆಮೇಲೆ ಬಂದವನು ಗೇ ಲ್ಯುಸಾಕ್. ಪ್ಯಾರಿಸ್ ಟಂಕಸಾಲೆಯಲ್ಲಿ ಬೆಳ್ಳಿಯ ಶುದ್ಧತೆ ನೋಡಲು ಸೀಸದ ಜೊತೆ ಕಾಯಿಸುವ ಹಳೆಯ ಪದ್ಧತಿ ಇತ್ತು. ಬೆಂಕಿಯಲ್ಲಿ ಬೆಳ್ಳಿಯೂ ಚೂರು ಕಳೆದುಹೋಗಿ ಲೆಕ್ಕ ಯಾವಾಗಲೂ ಕಡಿಮೆ ಬರುತ್ತಿತ್ತು. ಗೇ ಲ್ಯುಸಾಕ್ 1832ರಲ್ಲಿ ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಉಪ್ಪುನೀರಿನಿಂದ ಅಳೆಯುವ ವಿಧಾನ ಕೊಟ್ಟ. 100 ಮಿಲಿಲೀಟರ್ ಉಪ್ಪುನೀರು ಸರಿಯಾಗಿ 1 ಗ್ರಾಂ ಬೆಳ್ಳಿಯನ್ನು ಗಸಿ ಮಾಡುವಂತೆ ಆ ನೀರನ್ನೇ ಹದ ಮಾಡಿಟ್ಟುಕೊಂಡಿದ್ದ. ಅಂದರೆ ಅಳತೆಗೋಲು ದ್ರಾವಣದೊಳಗೇ ಕೂತಿತ್ತು. ಜರ್ಮನಿಯ ಮೋರ್ 1855ರಲ್ಲಿ ಇಂಥ ವಿಧಾನಗಳನ್ನೆಲ್ಲ ಒಂದು ಪುಸ್ತಕದಲ್ಲಿ ಸೇರಿಸಿದ. ಬ್ಯೂರೆಟ್ಟಿನ ಕೆಳಗೆ ರಬ್ಬರ್ ನಳಿಗೆ ಚಿಮುಟ ಸಿಕ್ಕಿಸಿ ಹನಿಹನಿಯಾಗಿ ಬಿಡುವ ಉಪಾಯವೂ ಅವನದೇ.

ಇಲ್ಲೊಂದು ಸೂಕ್ಷ್ಮ ಇದೆ. ಶೇಕಡಾವಾರು ಲೆಕ್ಕ ತೋಟಕ್ಕೆ ಸಾಕು, ಪ್ರಯೋಗಾಲಯಕ್ಕೆ ಸಾಲದು. ಒಂದು ಕ್ವಿಂಟಾಲ್ ಅಡಿಕೆ ಮತ್ತು ಒಂದು ಕ್ವಿಂಟಾಲ್ ತೆಂಗಿನಕಾಯಿ ತೂಕದಲ್ಲಿ ಸಮ, ಎಣಿಕೆಯಲ್ಲಿ ಅಲ್ಲ. ಕೊಂಡಿಗಳು ಪರಮಾಣುಗಳನ್ನು ಹಿಡಿಯುವುದು ತೂಕ ನೋಡಿ ಅಲ್ಲ, ಒಂದಕ್ಕೊಂದು ಎಂದು ಎಣಿಕೆಯಲ್ಲಿ. ಆದ್ದರಿಂದ ಒಂದು ಲೀಟರಿನಲ್ಲಿ ಎಷ್ಟು ಗ್ರಾಂ ಎನ್ನುವುದಕ್ಕಿಂತ ಎಷ್ಟು "ಎಣಿಕೆ" ಇದೆ ಎಂದು ಹೇಳುವ ಪದ್ಧತಿ ಬಂತು. ಅದೇ ಮೋಲಾರಿಟಿ, ನಾರ್ಮಾಲಿಟಿ. ಅಯೋಡಿನ್ನಿನ ಪರಮಾಣು ತೂಕ 127. ಲೀಟರಿಗೆ 127 ಗ್ರಾಂ ಅಯೋಡಿನ್ ಇದ್ದರೆ ಅದು 1 ನಾರ್ಮಲ್, 12.7 ಗ್ರಾಂ ಇದ್ದರೆ ಅದರ ಹತ್ತನೇ ಒಂದು ಪಾಲು. ಹೈಪೋ ಎಂಬ ಹರಳಿದೆ, ಹಳೆಯ ಫೋಟೋ ಸ್ಟುಡಿಯೋದವರಿಗೆ ಗೊತ್ತು, ಸೋಡಿಯಂ ಥಯೋಸಲ್ಫೇಟ್. ಅದನ್ನು ಲೀಟರಿಗೆ 24.8 ಗ್ರಾಂ ಕರಗಿಸಿದರೆ ಅದೂ ನಾರ್ಮಲ್ಲಿನ ಹತ್ತನೇ ಒಂದು. ತೂಕ ಬೇರೆ ಬೇರೆ, ಆದರೆ ಈ ಎರಡು ದ್ರಾವಣಗಳು ಮಿಲಿಲೀಟರಿಗೆ ಮಿಲಿಲೀಟರ್ ಸರಿಹೋಗುತ್ತವೆ. ಹೈಪೋ ಅಯೋಡಿನ್ನಿನ ಬಣ್ಣವನ್ನು ನುಂಗುತ್ತದೆ. ಕೊನೆಗೆ ಚೂರು ಗಂಜಿ ಹಾಕಿದರೆ ಉಳಿದ ಅಯೋಡಿನ್ ನೀಲಿಯಾಗಿ ಕಾಣಿಸುತ್ತದೆ, ನೀಲಿ ಹೋದ ಹನಿಯೇ ಕಡೆಯ ಹನಿ. ನೆನಪಿಡಿ ಎಂದಿದ್ದೆನಲ್ಲ, ಆ ನೀಲಿ ಇದೇ.

ಸೈನ್ಯದ ಅಧಿಕಾರಿಯೊಬ್ಬ ಎಣ್ಣೆ ತೂಗಿದ್ದು

1869ರಲ್ಲಿ ಫ್ರಾನ್ಸಿನ ಮೇಜ್ ಮೂರಿಯೇ ದನದ ಕೊಬ್ಬಿನಿಂದ ಅಗ್ಗದ ಬೆಣ್ಣೆಯಂಥ ವಸ್ತು ಮಾಡಿದ. ಅದೇ ಮಾರ್ಗರಿನ್. ಹತ್ತು ಹದಿನೈದು ವರ್ಷದಲ್ಲಿ ಯುರೋಪಿನ ಪೇಟೆಗಳಲ್ಲೆಲ್ಲ ಅದು ಬೆಣ್ಣೆಯ ಹೆಸರಿನಲ್ಲಿ ಮಾರಾಟವಾಗತೊಡಗಿತು. ಹಸು ಕಟ್ಟಿದ ರೈತರು ದಂಗೆದ್ದರು. 1887ರಲ್ಲಿ ಬ್ರಿಟನ್ ಮಾರ್ಗರಿನ್ ಕಾಯಿದೆಯನ್ನೇ ಮಾಡಬೇಕಾಯಿತು. ಕಾಯಿದೆ ಮಾಡಬಹುದು, ಆದರೆ ಡಬ್ಬಿಯೊಳಗಿನದು ಯಾವುದು ಎಂದು ಹೇಳುವವರು ಯಾರು?

1884ರಲ್ಲಿ ಆಸ್ಟ್ರಿಯಾ ಹಂಗೇರಿಯ ಸೈನ್ಯದ ಅಧಿಕಾರಿ ಆರ್ಥರ್ ಫಾನ್ ಹ್ಯೂಬ್ಲ್ ಒಂದು ಲೇಖನ ಪ್ರಕಟಿಸಿದ. ಆಗ ಅವನಿಗೆ ಮೂವತ್ತರ ಆಸುಪಾಸು. ಮುಂದೆ ಈತ ಹೆಸರು ಮಾಡಿದ್ದು ಫೋಟೋಗ್ರಫಿಯಲ್ಲಿ, ಬೆಟ್ಟಗುಡ್ಡಗಳ ನಕ್ಷೆ ತಯಾರಿಸುವುದರಲ್ಲಿ. ಎಣ್ಣೆ ಅವನ ಬದುಕಿನ ಒಂದು ಸಣ್ಣ ಅಧ್ಯಾಯ ಅಷ್ಟೇ. ಆದರೆ ಜಗತ್ತಿನ ಎಣ್ಣೆ ಗಿರಣಿಗಳಲ್ಲಿ ಉಳಿದದ್ದು ಆ ಅಧ್ಯಾಯ.

ಅವನ ವಿಚಾರ ಸರಳ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ? ಆ ಗ್ರಾಮಿನ ಸಂಖ್ಯೆಯೇ ಆ ಎಣ್ಣೆಯ ಅಯೋಡಿನ್ ಮೌಲ್ಯ. ಜೋಡಿ ಕೊಂಡಿ ಹೆಚ್ಚಿದ್ದಷ್ಟೂ ಮೌಲ್ಯ ಹೆಚ್ಚು. ಬ್ರೋಮಿನ್ನನ್ನೇ ಬಳಸಬಹುದಿತ್ತಲ್ಲ ಅನ್ನಬಹುದು. ಬ್ರೋಮಿನ್ ತಾನಾಗಿ ಆವಿಯಾಗಿ ಹೋಗುತ್ತದೆ, ಜೊತೆಗೆ ಜೋಡಿ ಕೊಂಡಿ ಇಲ್ಲದ ಕಡೆಯೂ ಹೈಡ್ರೋಜನ್ನನ್ನು ದಬ್ಬಿ ಜಾಗ ಹಿಡಿಯುವ ದುರಭ್ಯಾಸ ಅದಕ್ಕಿದೆ, ಲೆಕ್ಕ ಹೆಚ್ಚಾಗಿಬಿಡುತ್ತದೆ. ಬರೀ ಅಯೋಡಿನ್ನೋ ತೀರಾ ಸೋಮಾರಿ, ಎಣ್ಣೆಯ ಕೊಂಡಿಗೆ ಬೇಗ ಸೇರುವುದಿಲ್ಲ. ಹ್ಯೂಬ್ಲ್ ಮದ್ಯಸಾರದಲ್ಲಿ ಅಯೋಡಿನ್ ಜೊತೆ ಪಾದರಸದ ಕ್ಲೋರೈಡ್ ಕರಗಿಸಿ ಅದನ್ನು ಚುರುಕುಗೊಳಿಸಿದ. ಅದು ಘೋರ ವಿಷ. ಗಂಟೆಗಟ್ಟಲೆ ಕಾಯಬೇಕು, ದ್ರಾವಣವೂ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತಿತ್ತು. 1898ರಲ್ಲಿ ಹಾಲೆಂಡಿನ ವೇಯ್ಸ್ ಎಂಬಾತ ಪಾದರಸ ಬಿಟ್ಟು ಅಯೋಡಿನ್ ಕ್ಲೋರೈಡನ್ನು ಗಟ್ಟಿ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಬಳಸಿದ. ಕೆಲಸ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮುಗಿಯಿತು. ಇವತ್ತಿಗೂ ನಮ್ಮ ಆಹಾರ ಪ್ರಯೋಗಾಲಯಗಳಲ್ಲಿ ಮಾಡುವುದು ವೇಯ್ಸ್ ವಿಧಾನವೇ. ತಮಾಷೆ ಏನೆಂದರೆ, ಲೀಬಿಗ್ ತನ್ನ ಸೀಸೆಯ ಮೇಲೆ ತಪ್ಪಾಗಿ ಬರೆದಿದ್ದ ಹೆಸರೂ ಅಯೋಡಿನ್ ಕ್ಲೋರೈಡ್.

ಲೆಕ್ಕ ಹೇಗೆ? ಮಗನ ಕೈಗೆ 500 ರೂಪಾಯಿ ಕೊಟ್ಟು ಸಂತೆಗೆ ಕಳಿಸುತ್ತೀರಿ. ಏನೇನು ಕೊಂಡ ಎಂದು ಕೇಳುವುದಿಲ್ಲ, ಮರಳಿ ತಂದ ಚಿಲ್ಲರೆ ಎಣಿಸುತ್ತೀರಿ. 320 ಉಳಿದಿದ್ದರೆ ಖರ್ಚು 180. ಇಲ್ಲಿಯೂ ಹಾಗೇ. ಎಣ್ಣೆಗೆ ಬೇಕಾದ್ದಕ್ಕಿಂತ ಹೆಚ್ಚೇ ವೇಯ್ಸ್ ದ್ರಾವಣ ಕೊಟ್ಟು, ಕತ್ತಲಲ್ಲಿಟ್ಟು, ಉಳಿದದ್ದನ್ನು ಹೈಪೋದಿಂದ ಅಳೆಯುತ್ತಾರೆ. ಪಕ್ಕದಲ್ಲಿ ಎಣ್ಣೆ ಹಾಕದ ಇನ್ನೊಂದು ಸೀಸೆಯನ್ನೂ ಇಟ್ಟಿರುತ್ತಾರೆ, ಮೂಲ ಹಣ ಎಷ್ಟಿತ್ತು ಎಂದು ನೋಡಲು. ಖಾಲಿ ಸೀಸೆಗೆ 50 ಮಿಲಿಲೀಟರ್ ಹೈಪೋ ಹಿಡಿಯಿತು, ಕಾಲು ಗ್ರಾಂ ಕಡಲೆಕಾಯಿ ಎಣ್ಣೆ ಹಾಕಿದ ಸೀಸೆಗೆ 32 ಹಿಡಿಯಿತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 18. ಹೈಪೋ ನಾರ್ಮಲ್ಲಿನ ಹತ್ತನೇ ಒಂದಾದ್ದರಿಂದ ಪ್ರತಿ ಮಿಲಿಲೀಟರಿಗೆ 0.0127 ಗ್ರಾಂ ಅಯೋಡಿನ್. 18 ಮಿಲಿಲೀಟರಿಗೆ 0.2286 ಗ್ರಾಂ. ಕಾಲು ಗ್ರಾಂ ಎಣ್ಣೆಗೆ ಇಷ್ಟಾದರೆ 100 ಗ್ರಾಮಿಗೆ 400 ಪಟ್ಟು, ಸುಮಾರು 91. ಹೈಪೋ ದ್ರಾವಣದ ಸಾರತೆ ತಪ್ಪಿದ್ದರೆ ಈ 91 ಕೂಡ ತಪ್ಪು, ಆ ಅಂಕಿ ನಂಬಿ ಹಾಕಿದ ದಂಡವೂ ತಪ್ಪು.

ಎಣ್ಣೆಗಳನ್ನು ಈ ಅಳತೆಯಲ್ಲಿ ಸಾಲಾಗಿ ನಿಲ್ಲಿಸಿದರೆ ಅಡುಗೆಮನೆಯ ಎಷ್ಟೋ ಸಂಗತಿಗಳಿಗೆ ಕಾರಣ ಸಿಗುತ್ತದೆ. ಕೊಬ್ಬರಿ ಎಣ್ಣೆ 8ರಿಂದ 10. ಜೋಡಿ ಕೊಂಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದೆ. ತುಪ್ಪ 30ರ ಆಸುಪಾಸು. ಕಡಲೆಕಾಯಿ ಎಣ್ಣೆ 85ರಿಂದ 99. ಎಳ್ಳೆಣ್ಣೆ 105ರ ಮೇಲೆ. ನಮ್ಮ ಉತ್ತರ ಕರ್ನಾಟಕದ ಕುಸುಬೆ ಎಣ್ಣೆ 140ರ ಹತ್ತಿರ. ಅಗಸೆ ಎಣ್ಣೆ 170ನ್ನೂ ದಾಟುತ್ತದೆ. ಕೊಂಡಿ ಹೆಚ್ಚಿದ್ದಷ್ಟೂ ಗಾಳಿಯ ಆಮ್ಲಜನಕ ಹಿಡಿದುಕೊಳ್ಳುತ್ತದೆ, ಎಣ್ಣೆ ಒಣಗಿ ಅಂಟು ಪೊರೆಯಾಗುತ್ತದೆ. ಕುಸುಬೆ ಎಣ್ಣೆಯ ಬಾಂಡಲೆ ತೊಳೆಯದೆ ಬಿಟ್ಟರೆ ಅಂಚಿನಲ್ಲಿ ಗೋಂದು ಕಟ್ಟುವುದು ಇದರಿಂದ. ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ತಿಕ್ಕುವುದು, ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸುವುದು ಎರಡೂ ಇದಕ್ಕೇ. ಒಣಗುವಾಗ ಬಿಸಿಯೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳುವುದುಂಟು, ಬಡಗಿ ಕೆಲಸದವರು ಎಚ್ಚರ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ನಮ್ಮ ನೆಲದ ಎಣ್ಣೆಗಳ ಮೇಲೆ ಕೆಲಸ ಮಾಡಿದರು. ಮೈಸೂರಿನ ಶ್ರೀಗಂಧದ ಎಣ್ಣೆ ಉದ್ಯಮಕ್ಕೆ ದಾರಿ ಹಾಕಿದವರೂ ಅವರೇ. ಸರ್ಕಾರಿ ಸಾಬೂನು ಕಾರ್ಖಾನೆಯ ಹೆಸರು ಎಲ್ಲರಿಗೂ ಗೊತ್ತು. ಸಾಬೂನು ಮಾಡುವವರಿಗೂ ಈ ಅಂಕಿ ಬೇಕೇ ಬೇಕು. ಅಯೋಡಿನ್ ಮೌಲ್ಯ ಕಡಿಮೆಯ ಎಣ್ಣೆ ಗಟ್ಟಿ ಸಾಬೂನು ಕೊಡುತ್ತದೆ, ಹೆಚ್ಚಿನದು ಮೆತ್ತನೆಯದು.

ಡಾಲ್ಡಾ ಬಂದ ಮೇಲೆ

ಕೊಂಡಿಗೆ ಬ್ರೋಮಿನ್ ಸೇರುತ್ತದೆ, ಅಯೋಡಿನ್ ಸೇರುತ್ತದೆ. ಹಾಗಾದರೆ ಕೊರತೆ ಇರುವ ಹೈಡ್ರೋಜನ್ನನ್ನೇ ಸೇರಿಸಿದರೆ? ಫ್ರಾನ್ಸಿನ ಸಬಾತ್ಯೇ 1897ರಲ್ಲಿ ನಿಕ್ಕಲ್ ಪುಡಿಯ ಸಹಾಯದಿಂದ ಎಥಿಲೀನಿಗೆ ಹೈಡ್ರೋಜನ್ ಸೇರಿಸಿ ತೋರಿಸಿದ, 1912ರಲ್ಲಿ ನೊಬೆಲ್ ಬಂತು. ಜರ್ಮನಿಯ ನಾರ್ಮನ್ 1902ರಲ್ಲಿ ದ್ರವ ಎಣ್ಣೆಗಳಿಗೆ ಇದನ್ನೇ ಮಾಡಿ ಪೇಟೆಂಟ್ ಪಡೆದ. ಎಣ್ಣೆ ಗಟ್ಟಿಯಾಗುತ್ತದೆ, ಅಯೋಡಿನ್ ಮೌಲ್ಯ ಇಳಿಯುತ್ತದೆ. ಎಷ್ಟು ಹೈಡ್ರೋಜನ್ ಸೇರಿತು, ಯಾವಾಗ ನಿಲ್ಲಿಸಬೇಕು ಎಂದು ನೋಡಲು ಕಾರ್ಖಾನೆಗಳು ಹಿಡಿದುಕೊಂಡದ್ದೂ ಹ್ಯೂಬ್ಲನ ಅಂಕಿಯನ್ನೇ. ಕಳ್ಳನನ್ನು ಹಿಡಿಯಲು ಮಾಡಿದ ಅಳತೆ ಹೊಸ ಸರಕನ್ನು ಹದ ಮಾಡುವ ಅಳತೆಯೂ ಆಯಿತು.

ನಮ್ಮಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ಹರಳು ಹರಳಾಗಿ ತುಪ್ಪದ ಹಾಗೇ ಕಾಣುವ, ತುಪ್ಪಕ್ಕಿಂತ ಅಗ್ಗದ ವನಸ್ಪತಿ. ಮದುವೆ ಮನೆಗಳಿಗೆ ವರವಾಯಿತು, ತುಪ್ಪ ಮಾರಿ ಜೀವನ ಮಾಡುವವರಿಗೆ ಶಾಪವಾಯಿತು. ಗಾಂಧೀಜಿ ಇದನ್ನು ವಿರೋಧಿಸಿ ಬರೆದರು. ಸ್ವಾತಂತ್ರ್ಯದ ನಂತರ ಸಂಸತ್ತಿನಲ್ಲಿ ನಿಷೇಧದ ಮಾತು ಬಂತು, ಜನಾಭಿಪ್ರಾಯ ಕೇಳಿದರು, ನಿಷೇಧ ಆಗಲಿಲ್ಲ. ವನಸ್ಪತಿಗೆ ಬೇರೆ ಬಣ್ಣ ಹಾಕೋಣ, ತುಪ್ಪಕ್ಕೆ ಬೆರೆಸಿದರೆ ಗೊತ್ತಾಗಲಿ ಅಂದರು. ತಿನ್ನಲು ಸುರಕ್ಷಿತವಾದ, ಕಾಯಿಸಿದರೂ ಸೋಸಿದರೂ ಹೋಗದ ಬಣ್ಣ ಸಿಗಲಿಲ್ಲ.

ಕೊನೆಗೆ ಕಾನೂನು ಹಿಡಿದ ದಾರಿ ನನಗಂತೂ ಬಹಳ ಜಾಣತನದ್ದು ಅನ್ನಿಸುತ್ತದೆ. ವನಸ್ಪತಿಯೊಳಗೆ ಶೇಕಡಾ 5ರಷ್ಟು ಎಳ್ಳೆಣ್ಣೆ ಕಡ್ಡಾಯವಾಗಿ ಇರಬೇಕು ಎಂದು ನಿಯಮ ಮಾಡಿದರು. ಎಳ್ಳೆಣ್ಣೆಗೊಂದು ಗುಟ್ಟಿದೆ. ಅದಕ್ಕೆ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಕ್ಕರೆ ಅಥವಾ ಫರ್ಫ್ಯೂರಲ್ ಸೇರಿಸಿ ಕುಲುಕಿದರೆ ದಾಸವಾಳದ ಕೆಂಪು ಬರುತ್ತದೆ. ಫ್ರಾನ್ಸಿನ ಬೋದ್ವಾಂ ಹೆಸರಿನ ಈ ಪರೀಕ್ಷೆ ಜೋಡಿ ಕೊಂಡಿಯದ್ದಲ್ಲ, ಎಳ್ಳಿನಲ್ಲಿ ಮಾತ್ರ ಇರುವ ಒಂದು ವಸ್ತುವಿನದು. ತುಪ್ಪಕ್ಕೆ ವನಸ್ಪತಿ ಬೆರೆಸಿದವನು ತನಗೆ ಗೊತ್ತಿಲ್ಲದೆ ಎಳ್ಳಿನ ಸಾಕ್ಷಿಯನ್ನೂ ಬೆರೆಸಿರುತ್ತಾನೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಆ ಆಮ್ಲದ ಹೊಗೆ ಕಣ್ಣು ಶ್ವಾಸಕೋಶಕ್ಕೆ ಕೆಟ್ಟದ್ದು. ಇನ್ನೊಂದು ಮಾತು: ಎಳ್ಳೆಣ್ಣೆ ಅದ್ದಿದ ಸೌಟಿನಲ್ಲೇ ತುಪ್ಪ ತೆಗೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ನಿಮ್ಮ ತುಪ್ಪ ಅಪ್ಪಟವಾಗಿದ್ದರೂ ಬಣ್ಣ ತೋರಿಸೀತು.

ಅಪ್ಪಟ ತುಪ್ಪವೂ ಎಲ್ಲ ಕಡೆ ಒಂದೇ ಅಂಕಿ ಕೊಡುವುದಿಲ್ಲ. ಹತ್ತಿಕಾಳು ತಿಂದ ಎಮ್ಮೆಯ ತುಪ್ಪದ ಗುಣವೇ ಬೇರೆ. ಈ ಕಾರಣಕ್ಕೆ ನಮ್ಮ ಆಹಾರ ನಿಯಮಗಳಲ್ಲಿ ಹತ್ತಿ ಬೆಳೆಯುವ ಪ್ರದೇಶದ ತುಪ್ಪಕ್ಕೆ ಪ್ರತ್ಯೇಕ ಮಿತಿಗಳನ್ನು ಕೊಟ್ಟಿದ್ದರು. ಆ ಮಿತಿ ಇರದಿದ್ದರೆ ಹತ್ತಿ ಸೀಮೆಯ ಎಷ್ಟು ಪ್ರಾಮಾಣಿಕರು ಕಳ್ಳರ ಪಟ್ಟಿಗೆ ಸೇರುತ್ತಿದ್ದರೋ.

ಅಯೋಡಿನ್ ಮೌಲ್ಯಕ್ಕೂ ಕುರುಡುತನ ಇದೆ. ಅದು ಒಟ್ಟು ಕೊಂಡಿ ಎಣಿಸುತ್ತದೆ, ಯಾರ ಕೊಂಡಿ ಎಂದು ಕೇಳುವುದಿಲ್ಲ. ತಾಳೆ ಎಣ್ಣೆಯ ತೆಳು ಭಾಗ, ಅಂದರೆ ಪಾಮೋಲಿನ್, 58ರ ಆಸುಪಾಸು. ಸೋಯಾ ಎಣ್ಣೆ 130ರ ಆಸುಪಾಸು. ಮೊದಲನೆಯದು 55 ಪಾಲು, ಎರಡನೆಯದು 45 ಪಾಲು ಬೆರೆಸಿ. 32ಕ್ಕೆ 58 ಕೂಡಿಸಿದರೆ ಸುಮಾರು 90. ಕಡಲೆಕಾಯಿ ಎಣ್ಣೆಯ ಅಂಕಿ ಸರಿಯಾಗಿ ಬಂತು, ಡಬ್ಬಿಯಲ್ಲಿ ಕಡಲೆಕಾಯಿಯ ಒಂದು ಹನಿಯೂ ಇಲ್ಲ! ಲೆಕ್ಕ ಬಲ್ಲ ಕಳ್ಳನಿಗೆ ಈ ಒಂದು ಪರೀಕ್ಷೆ ಸಾಲದು. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬಿಬ್ಬರು ಅನಿಲ ವರ್ಣರೇಖನದಿಂದ ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಬಿಡಿಸುವ ದಾರಿ ತೋರಿಸಿದರು. ಈಗ ದೊಡ್ಡ ಪ್ರಯೋಗಾಲಯಗಳು ಅದನ್ನೇ ನಂಬುತ್ತವೆ.

ಇನ್ನೊಂದು ಕುರುಡುತನ ನಮ್ಮ ಎದೆಗೇ ಬಡಿಯಿತು. ಹೈಡ್ರೋಜನ್ ಸೇರಿಸುವಾಗ ಎಲ್ಲ ಕೊಂಡಿಯೂ ಭರ್ತಿಯಾಗುವುದಿಲ್ಲ. ಕೆಲವು ಜೋಡಿ ಕೊಂಡಿಗಳು ಉಳಿದು, ಬಾಗಿದ್ದ ಸರಪಳಿ ತಿರುಚಿಕೊಂಡು ನೆಟ್ಟಗಾಗುತ್ತದೆ. ಅದೇ ಟ್ರಾನ್ಸ್ ಕೊಬ್ಬು. ಬಾಗಿದ ಕೊಂಡಿಯಾದರೇನು, ನೆಟ್ಟಗಿನದಾದರೇನು, ಅಯೋಡಿನ್ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ದೇಹ ಹಾಗೆ ಎಣಿಸುವುದಿಲ್ಲ. 1990ರಲ್ಲಿ ಹಾಲೆಂಡಿನ ಮೆನ್ಸಿಂಕ್ ಮತ್ತು ಕಾಟಾನ್ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ ಎಂದು ತೋರಿಸಿದರು. ಅಷ್ಟರಲ್ಲಿ ನಮ್ಮ ದೇಶ ಐವತ್ತು ವರ್ಷ ವನಸ್ಪತಿ ತಿಂದಿತ್ತು. ಎಣ್ಣೆ ಮತ್ತು ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದು ಎಂಬ ಮಿತಿ ಭಾರತದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ.

ಇನ್ನು ನಿಮ್ಮ ಕೈಯಲ್ಲಿ ಇರುವುದು. ತುಪ್ಪ, ಬೆಣ್ಣೆಗೆ ಬೇಯಿಸಿದ ಗೆಣಸು, ಆಲೂಗಡ್ಡೆ ಅಥವಾ ಬೇರೆ ಪಿಷ್ಟ ಬೆರೆಸಿದ್ದಾರೆ ಎಂಬ ಅನುಮಾನ ಇದ್ದರೆ ಅರ್ಧ ಚಮಚೆಗೆ ಎರಡು ಮೂರು ಹನಿ ಟಿಂಚರ್ ಅಯೋಡಿನ್ ಹಾಕಿ, ನೀಲಿ ಬಂದರೆ ಪಿಷ್ಟ ಇದೆ. ಇದನ್ನು ಮನೆಯಲ್ಲೇ ಮಾಡಬಹುದು, ಆ ತುಪ್ಪವನ್ನು ಆಮೇಲೆ ತಿನ್ನಬೇಡಿ. ವನಸ್ಪತಿ, ಬೇರೆ ಎಣ್ಣೆಯ ಅನುಮಾನವಾದರೆ ಪ್ರಯೋಗಾಲಯಕ್ಕೇ ಹೋಗಬೇಕು. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಕಲಮಿನ ಪ್ರಕಾರ ಯಾವ ಗ್ರಾಹಕನಾದರೂ ತಾನು ಕೊಂಡದ್ದನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ಅಂಗಡಿಯವರಿಗೆ ಹೇಳಿರಬೇಕು, ಇಲ್ಲದಿದ್ದರೆ ಆಗುವುದಿಲ್ಲ. ಸರಕು ಕಾಯಿದೆಗೆ ತಕ್ಕಂತೆ ಇಲ್ಲ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು. ವರದಿ ಕೈಗೆ ಬಂದಾಗ ಅಯೋಡಿನ್ ಮೌಲ್ಯ, ಬೋದ್ವಾಂ ಪರೀಕ್ಷೆ, ಕೊಬ್ಬಿನಾಮ್ಲಗಳ ಪಟ್ಟಿ, ಈ ಮೂರು ಸಾಲು ಎಲ್ಲಿವೆ ನೋಡಿ. ಮೊದಲಿನದು ಮಾತ್ರ ಇದ್ದು ಉಳಿದೆರಡು ಇಲ್ಲದಿದ್ದರೆ, ಅವನ್ನೂ ಮಾಡಿಕೊಡಿ ಎಂದು ಕೇಳಿ.